ಊರಿನ ಸುದ್ದಿ ಊರೋರೇ ಮಾಡೋಕೆ ಟೆಕ್ನಾಲಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಬಳಿ ಮಟ್ಟದಲ್ಲಿ, ವಾರ್ಡ್ ಮಟ್ಟದಲ್ಲಿ ಸುದ್ದಿ ಕೆಲಸ ಶುರು ಮಾಡ್ಬೇಕು ಅಂತ ಹೊರಟಿರೋ ಹುಡುಗ್ರು, ಸಂಘದ ಹೆಣ್ಮಕ್ಕಳು, ರಿಟೈರ್ ಆದ ಮೇಷ್ಟ್ರುಗಳು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ವೆ. ಅವನ್ನೆಲ್ಲ ಒಂದ್ಕಡೆ ಸೇರಿಸಿ ನನಗೆ ತಿಳಿದಿರೋ ಮಟ್ಟಿಗೆ ಉತ್ತರ ಬರೆದಿದೀನಿ.

ನಮ್ಮೂರಲ್ಲಿ ಆಗ್ಲೇ ನಾಲ್ಕು ವಾಟ್ಸಾಪ್ ಗ್ರೂಪ್ ಇದೆ. ಅದೇ ಸಾಲ್ದಾ?

ಸಾಲಲ್ಲ. ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಓಡಾಡುತ್ತೆ ನಿಜ, ಆದ್ರೆ ಅದನ್ನ ಯಾರೂ ಚೆಕ್ ಮಾಡಲ್ಲ, ಯಾರೂ ಅದಕ್ಕೆ ಜವಾಬ್ದಾರಿ ತಗೊಳಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ ಏನಾಯ್ತು ನೆನಪಿದೆಯಾ? ಹೈದರಾಬಾದಿಂದ ಬಂದಿದ್ದ ಗೆಳೆಯರ ಮೇಲೆ ಮಕ್ಕಳ ಕಳ್ಳರು ಅನ್ನೋ ಸುಳ್ಳು ವಾಟ್ಸಾಪಲ್ಲಿ ಹಬ್ಬಿ, ಜನ ಗುಂಪು ಸೇರಿ ಹೊಡೆದು, ಒಬ್ಬ ಯುವಕನ ಜೀವವೇ ಹೋಯ್ತು. ಅದೇ ಹೊತ್ತಲ್ಲಿ ದೇಶದ ಬೇರೆ ಕಡೆನೂ ಇಂಥವು ಆಗಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನ ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಮಾಡೋ ಹಾಗಿಲ್ಲ ಅಂತ ಮಿತಿ ಹಾಕ್ತು. ಮುರ್ಕಿಯಲ್ಲಿ ಫೋನು, ನೆಟ್‌ವರ್ಕು ಎಲ್ಲ ಇತ್ತು. "ತಡೀರಿ, ಮೊದಲು ವಿಚಾರಿಸ್ತೀನಿ" ಅನ್ನೋ, ಊರು ನಂಬೋ ಒಂದು ದನಿ ಇರ್ಲಿಲ್ಲ. ಸಮುದಾಯ ಸುದ್ದಿ ಅಂದ್ರೆ ನನ್ನ ಪಾಲಿಗೆ ಆ ದನಿ.

ಇದೆಲ್ಲ ಅಮೆರಿಕದಿಂದ ಬಂದ ಐಡಿಯಾ ಅಲ್ವಾ?

ದುಡ್ಡು, ಹೆಸರು ಅಲ್ಲಿಂದ ಸ್ವಲ್ಪ ಬಂತು. ಮಯಾಮಿಯ ನೈಟ್ ಫೌಂಡೇಶನ್ 2006ರಲ್ಲಿ ನೈಟ್ ನ್ಯೂಸ್ ಚಾಲೆಂಜ್ ಅಂತ ಒಂದು ಸ್ಪರ್ಧೆ ಘೋಷಿಸ್ತು, ಐದು ವರ್ಷಕ್ಕೆ 2.5 ಕೋಟಿ ಡಾಲರ್. ಡಿಜಿಟಲ್ ತಂತ್ರಜ್ಞಾನ ಬಳಸಿ ಒಂದು ಊರಿನ ಜನಕ್ಕೆ ಸುದ್ದಿ ಮಾಹಿತಿ ತಲುಪಿಸೋ ಹೊಸ ದಾರಿ ತೋರಿಸಿ, ಬರೆದ ಕೋಡನ್ನ ಎಲ್ಲರಿಗೂ ಬಿಟ್ಟುಕೊಡಿ ಅನ್ನೋದು ಷರತ್ತು. ಈ ಎರಡನೇ ಷರತ್ತು ನನಗೆ ತುಂಬಾ ಇಷ್ಟ. 2008ರಲ್ಲಿ ಗೆದ್ದೋರಲ್ಲಿ ನಮ್ಮ ಗ್ರಾಮ್ ವಾಣಿನೂ ಇತ್ತು, ಮುಂದೆ ದೆಹಲಿ ಐಐಟಿಯಲ್ಲಿ ಬೆಳೆದು, ಕಮ್ಯುನಿಟಿ ರೇಡಿಯೋ, ಅಂದ್ರೆ ಸಂಘ ಸಂಸ್ಥೆಗಳು ತಮ್ಮ ಸುತ್ತಲಿನ ಊರಿಗೆ ಅಂತ ನಡೆಸೋ ಪುಟ್ಟ ರೇಡಿಯೋ ಸ್ಟೇಷನ್‌ಗಳನ್ನ ನಡೆಸೋಕೆ ಗ್ರಿನ್ಸ್ ಅನ್ನೋ ಸಾಫ್ಟ್‌ವೇರ್ ಮಾಡಿಕೊಟ್ಟು, 2012ರಲ್ಲಿ ಜಾರ್ಖಂಡಲ್ಲಿ ಫೋನ್ ಮೇಲೆ ನಡೆಯೋ ಮೊಬೈಲ್ ವಾಣಿ ಶುರು ಮಾಡಿದ ಸಂಸ್ಥೆ ಅದು.

ಆದ್ರೆ ಆ ಸ್ಪರ್ಧೆಗಿಂತ ಎಷ್ಟೋ ಮುಂಚೆ ಇಲ್ಲೇ ಕೋಲಾರದಲ್ಲಿ ಕೆಲಸ ನಡೀತಿತ್ತು.

ಕೋಲಾರದಲ್ಲಾ? ಎಲ್ಲಿ, ಏನ್ ಮಾಡಿದ್ರು?

ಬಂಗಾರಪೇಟೆ ತಾಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಅಂತ ಸ್ಕೂಲಲ್ಲಿ ಓದಿರ್ತೀರ. 2001ರ ಹೊತ್ತಿಗೆ ಅಲ್ಲಿ ಹಳ್ಳಿಗಳಲ್ಲಿ ಕೆಲಸ ಮಾಡೋ ಮೈರಾಡ ಸಂಸ್ಥೆ, ಬೆಂಗಳೂರಿನ ವಾಯ್ಸಸ್ ಸಂಸ್ಥೆ, ಯುನೆಸ್ಕೋ ಮೂವರೂ ಸೇರಿ 'ನಮ್ಮ ಧ್ವನಿ' ಅಂತ ಒಂದು ಪುಟ್ಟ ಸ್ಟುಡಿಯೋ ಮಾಡಿದ್ರು. ಆಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಕೊಡೋ ಕಾನೂನೇ ಇರ್ಲಿಲ್ಲ. ಹಾಗಂತ ಸುಮ್ನೆ ಕೂತ್ಕೊಂಡ್ರಾ, ಇಲ್ಲ. ಊರೋರೇ ಕಾರ್ಯಕ್ರಮ ರೆಕಾರ್ಡ್ ಮಾಡಿ ಕ್ಯಾಸೆಟ್‌ಗೆ ಹಾಕಿ ಮಹಿಳಾ ಸಂಘದ ಮೀಟಿಂಗ್‌ಗಳಲ್ಲಿ ಕೇಳಿಸಿದ್ರು, ಧ್ವನಿವರ್ಧಕದಲ್ಲಿ ಹಾಕಿದ್ರು, ಆಮೇಲೆ ಊರಿನ ಕೇಬಲ್ ಟಿವಿ ವೈರಲ್ಲೇ ಆಡಿಯೋ ಕಳಿಸಿ ಮನೆಮನೆಗೆ ತಲುಪಿಸಿದ್ರು! ಗಾಳಿಯಲ್ಲಿ ಪ್ರಸಾರ ಮಾಡಿದ್ರೆ ಲೈಸೆನ್ಸ್ ಬೇಕು, ವೈರಲ್ಲಿ ಹೋದ್ರೆ ಆ ತೊಂದ್ರೆ ಇಲ್ಲ.

ಇನೋವೇಶನ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಇದನ್ನೇ. ಹೊಸ ಮೆಷಿನ್ ಏನೂ ಕಂಡುಹಿಡೀಲಿಲ್ಲ, ಟೇಪ್ ರೆಕಾರ್ಡರ್, ಕೇಬಲ್ ವೈರು, ವಾರವಾರ ಸೇರೋ ಸಂಘ, ಇಷ್ಟೂ ಊರಲ್ಲಿ ಮೊದಲೇ ಇದ್ದಿದ್ದೇ, ಅವನ್ನ ಜೋಡಿಸಿದ್ದು ಹೊಸದು. ಅದ್ರಲ್ಲೂ ಸಂಘವನ್ನ ಜೊತೆಗೆ ತಗೊಂಡಿದ್ದು ದೊಡ್ಡ ವಿಷಯ, ಯಾಕಂದ್ರೆ ಕೇಳೋರು ಒಬ್ಬೊಬ್ರೇ ಮನೇಲಿ ಕೂತು ಕೇಳಿ ಮರೆಯೋ ಬದಲು ಒಟ್ಟಿಗೆ ಕೇಳಿ, ಅಲ್ಲೇ ಮಾತಾಡಿ, ನಾಳೆ ಪಂಚಾಯ್ತಿಗೆ ಹೋಗಿ ಕೇಳೋಣ ಅಂತ ಏಳ್ತಾರೆ. ಮುಂದೆ ಕಾನೂನು ಬದಲಾದ್ಮೇಲೆ ಅವರಿಗೆ ಎಫ್‌ಎಂ ಲೈಸೆನ್ಸೂ ಸಿಕ್ತು.

ಫೋನಲ್ಲೇ ಸುದ್ದಿ ಹೇಳೋದು, ಫೋನಲ್ಲೇ ಕೇಳೋದು ಅಂತಾರಲ್ಲ, ಅದು ಹೇಗೆ ಕೆಲಸ ಮಾಡುತ್ತೆ?

ಇದಕ್ಕೆ ಒಳ್ಳೇ ಉದಾಹರಣೆ ಛತ್ತೀಸ್‌ಗಢದ ಸಿಜಿನೆಟ್ ಸ್ವರ. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಶುಭ್ರಾಂಶು ಚೌಧರಿ 2010ರ ಫೆಬ್ರವರಿಯಲ್ಲಿ ಶುರು ಮಾಡಿದ್ದು. ಅಲ್ಲಿ ಗೊಂಡಿ ಮಾತಾಡೋ ಲಕ್ಷಾಂತರ ಜನ ಇದಾರೆ, ಅವರ ಭಾಷೆ ಬಲ್ಲ ಪತ್ರಕರ್ತರು ಇಲ್ಲವೇ ಇಲ್ಲ ಅನ್ನೋ ಸ್ಥಿತಿ, ಪೇಪರ್ ಬರೋದು ಹಿಂದಿಯಲ್ಲಿ, ಓದೋಕೆ ಬರೋರು ಕಮ್ಮಿ, ಇಂಟರ್ನೆಟ್ ದೂರದ ಮಾತು. ಆದ್ರೆ ಬೇಸಿಕ್ ಮೊಬೈಲ್ ಬಂದಿತ್ತು.

ಹಾಗಾಗಿ ಒಂದು ನಂಬರ್ ಇಟ್ಟರು. ಫೋನ್ ಮಾಡಿದ್ರೆ ಒಂದು ದನಿ ಹೇಳುತ್ತೆ, ನಿಮ್ಮ ಮಾತು ರೆಕಾರ್ಡ್ ಮಾಡೋಕೆ 1 ಒತ್ತಿ, ಬೇರೆಯವರದ್ದು ಕೇಳೋಕೆ 2 ಒತ್ತಿ. ಅಷ್ಟೇ. ಆಮೇಲಾಮೇಲೆ ಮಿಸ್ಡ್ ಕಾಲ್ ಕೊಟ್ರೆ ಸರ್ವರೇ ವಾಪಸ್ ಫೋನ್ ಮಾಡೋ ಹಾಗಾಯ್ತು, ಜನರ ಕರೆನ್ಸಿ ಖರ್ಚಾಗಲ್ಲ. ಹಿಂದೆ ಕೆಲಸ ಮಾಡ್ತಿದ್ದಿದ್ದು ಆಸ್ಟೆರಿಸ್ಕ್ ಅನ್ನೋ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ನಮಗೆ ಖುಷಿ ಕೊಡೋ ಒಂದು ವಿಷಯ, ಇದಕ್ಕೆ ತಾಂತ್ರಿಕ ಸಹಾಯ ಮಾಡಿದ್ದು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು, ಶುರುವಲ್ಲಿ ಸರ್ವರ್ ಇದ್ದಿದ್ದೂ ಬೆಂಗಳೂರಲ್ಲೇ, ಬಸ್ತರ್ ಕಾಡಿಂದ ಜನ ಫೋನ್ ಮಾಡ್ತಿದ್ದಿದ್ದು ನಮ್ಮ 080 ನಂಬರ್‌ಗೆ.

ರೆಕಾರ್ಡ್ ಆದ ಮಾತು ನೇರ ಪ್ರಸಾರ ಆಗಲ್ಲ. ಮಧ್ಯೆ ತರಬೇತಿ ಪಡೆದ ಮಾಡರೇಟರ್‌ಗಳು ಕೂತು ಕೇಳ್ತಾರೆ, ಹೇಳಿದೋರಿಗೆ ವಾಪಸ್ ಫೋನ್ ಮಾಡಿ ವಿಚಾರಿಸ್ತಾರೆ, ಸರಿ ಅನ್ಸಿದ್ರೆ ಮಾತ್ರ ಬಿಡ್ತಾರೆ. ಕೂಲಿ ದುಡ್ಡು ಬಂದಿಲ್ಲ, ಹ್ಯಾಂಡ್‌ಪಂಪ್ ಕೆಟ್ಟಿದೆ, ಮೇಷ್ಟ್ರು ಸ್ಕೂಲಿಗೆ ಬರಲ್ಲ, ಇಂಥವೇ ಜಾಸ್ತಿ. ಎಷ್ಟೋ ವರದಿಗಳ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರ್ ಹೇಳಿ, ಕೇಳ್ತಿರೋರೆಲ್ಲ ದಯವಿಟ್ಟು ಇವರಿಗೆ ಫೋನ್ ಮಾಡಿ ಅಂತಿದ್ರು. ಎಲ್ಲೋ ಸಿಟಿಯಲ್ಲಿ ಕೂತು ವೆಬ್‌ಸೈಟಲ್ಲಿ ಕೇಳಿದೋರು ಆ ಅಧಿಕಾರಿಗೆ ಫೋನ್ ಮಾಡೋರು. ಯಾರೂ ಕೇಳಲ್ಲ ಅಂದ್ಕೊಂಡಿದ್ದ ಹಳ್ಳಿ ಬಗ್ಗೆ ಊರೂರಿಂದ ಫೋನ್ ಬಂದ್ರೆ ಕಡತ ಅಲ್ಲಾಡುತ್ತೆ. ಕೆಲಸ ಆದ್ಮೇಲೆ ಅದೇ ಜನ ಮತ್ತೆ ಫೋನ್ ಮಾಡಿ, ಪಂಪ್ ರಿಪೇರಿ ಆಯ್ತು, ಎಲ್ಲರಿಗೂ ಥ್ಯಾಂಕ್ಸ್ ಅಂತ ರೆಕಾರ್ಡ್ ಮಾಡ್ತಿದ್ರು.

ಆಮೇಲೆ 'ಬುಲ್ಟೂ ರೇಡಿಯೋ' ಅಂತ ಇನ್ನೊಂದು ಹೆಜ್ಜೆ ಹಾಕಿದ್ರು. ನೆಟ್ ಇರೋ ಪಂಚಾಯ್ತಿ ಆಫೀಸಲ್ಲಿ ಆಡಿಯೋ ಬುಲೆಟಿನ್ ಡೌನ್‌ಲೋಡ್ ಮಾಡೋದು, ಅಲ್ಲಿಂದ ಬ್ಲೂಟೂತಲ್ಲಿ ಫೋನಿಂದ ಫೋನಿಗೆ ದಾಟಿಸೋದು.

ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ. ಇನ್ನೂ ಒಂದು ಒತ್ತಿ ಎರಡು ಒತ್ತಿ ಅಂತ ಯಾಕೆ? ಒಂದು ಆ್ಯಪ್ ಮಾಡಿದ್ರೆ ಆಗಲ್ವಾ?

2016ರಲ್ಲಿ ಜಿಯೋ ಬಂದ್ಮೇಲೆ ಡೇಟಾ ಅಗ್ಗ ಆಯ್ತು, ಕಾಲ್‌ಗೆ ಬೇರೆ ದುಡ್ಡು ಕೊಡೋದು ತಪ್ತು, ಹಾಗಾಗಿ ಮಿಸ್ಡ್ ಕಾಲ್‌ನ ಅವಶ್ಯಕತೆ ಅಷ್ಟರಮಟ್ಟಿಗೆ ಕಮ್ಮಿ ಆಗಿದೆ, ಒಪ್ತೀನಿ. ಆದ್ರೆ 'ಎಲ್ಲರ ಕೈಯಲ್ಲೂ' ಅಂತೀರಲ್ಲ, ಅಲ್ಲಿ ನನ್ನ ತಕರಾರಿದೆ. ಮನೇಲಿ ಒಂದು ಸ್ಮಾರ್ಟ್‌ಫೋನ್ ಇದ್ರೆ ಅದು ಯಾರ ಜೇಬಲ್ಲಿರುತ್ತೆ? ಗಂಡನದ್ದೋ ಮಗನದ್ದೋ. ರೇಷನ್ ಅಂಗಡೀಲಿ ಥಂಬ್ ಕೂರ್ದೆ ಅಕ್ಕಿ ಸಿಗ್ದೆ ವಾಪಸ್ ಬಂದ ಅಜ್ಜಿ ಹತ್ರ ಇರೋದು ಕೀಪ್ಯಾಡ್ ಫೋನ್, ಸುದ್ದಿ ಇರೋದು ಆ ಅಜ್ಜಿ ಹತ್ರ.

ಆ್ಯಪ್ ಅಂದ್ರೆ ಇನ್‌ಸ್ಟಾಲ್ ಮಾಡ್ಬೇಕು, ಲಾಗಿನ್ ಆಗ್ಬೇಕು, ಅಪ್‌ಡೇಟ್ ಮಾಡ್ತಿರ್ಬೇಕು, ಪ್ರತಿ ಹೆಜ್ಜೆಯಲ್ಲೂ ಒಂದಷ್ಟು ಜನ ಬಿಟ್ಟೋಗ್ತಾರೆ. ನನ್ನ ಸಲಹೆ ಏನಂದ್ರೆ ಸುದ್ದಿ ತಗೊಳೋಕೆ ಎರಡು ದಾರಿ ಇಡಿ, ಒಂದು ಸಾದಾ ಫೋನ್ ಕಾಲ್, ಇನ್ನೊಂದು ವಾಟ್ಸಾಪ್ ವಾಯ್ಸ್ ಮೆಸೇಜ್. ಬರೀರಿ ಅಂತ ಕೇಳ್ಬೇಡಿ, ಮಾತಾಡಿ ಅನ್ನಿ. ಕೋಲಾರದ ಕಡೆ ಮನೇಲಿ ತೆಲುಗು, ಸಂತೇಲಿ ಕನ್ನಡ ಆಡೋರು ಇದಾರೆ, ಎಚ್.ಡಿ. ಕೋಟೆ ಕಡೆ ಜೇನುಕುರುಬರು ಅವರದ್ದೇ ಮಾತಾಡ್ತಾರೆ, ತಾಂಡಾಗಳಲ್ಲಿ ಲಂಬಾಣಿ, ಕರಾವಳಿಯಲ್ಲಿ ತುಳು, ಬ್ಯಾರಿ. ಬರವಣಿಗೆ ಅಂದ ತಕ್ಷಣ ಇವರೆಲ್ಲ ಹಿಂದೆ ಸರೀತಾರೆ, ದನಿ ಅಂದ್ರೆ ಮುಂದೆ ಬರ್ತಾರೆ.

ಕಮ್ಯುನಿಟಿ ರೇಡಿಯೋ ಲೈಸೆನ್ಸ್ ತಗೊಂಡ್ರೆ ಸುದ್ದಿ ಓದಬಹುದಾ?

ಇಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಅಂತ ತೀರ್ಪು ಕೊಡ್ತು, 1996ರಲ್ಲಿ ಬೆಂಗಳೂರಲ್ಲೇ ಜನ ಸೇರಿ ಸಮುದಾಯ ರೇಡಿಯೋ ಬೇಕು ಅಂತ ಘೋಷಣೆ ಹೊರಡಿಸಿದ್ರು, 2002ರಲ್ಲಿ ಕಾಲೇಜುಗಳಿಗೆ ಅವಕಾಶ ಸಿಕ್ತು, ಸಂಘ ಸಂಸ್ಥೆಗಳಿಗೆ ಸಿಕ್ಕಿದ್ದು 2006ರ ಕೊನೆಗೆ. ಬೀದರ್ ಗಡಿ ಆಚೆ ಜಹೀರಾಬಾದ್ ಹತ್ರ ಮಾಚನೂರಲ್ಲಿ ದಲಿತ ಹೆಣ್ಮಕ್ಕಳು ನಡೆಸೋ ಸಂಘಂ ರೇಡಿಯೋ 2008ರ ಅಕ್ಟೋಬರಲ್ಲಿ ಶುರುವಾಯ್ತು. ನಮ್ಮಲ್ಲಿ ಸರಗೂರಿನ ಜನಧ್ವನಿ, ಮಂಗಳೂರಿನ ಸಾರಂಗ್, ಬೆಂಗಳೂರಿನ ರೇಡಿಯೋ ಆ್ಯಕ್ಟಿವ್ ಹೀಗೆ ಹಲವು ಇವೆ.

ಆದ್ರೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಸ್ವಂತವಾಗಿ ಪ್ರಸಾರ ಮಾಡೋಕೆ ಅನುಮತಿ ಇಲ್ಲ, ಆಕಾಶವಾಣಿ ಸುದ್ದೀನ ಇದ್ದ ಹಾಗೆ ರಿಲೇ ಮಾಡಬಹುದು ಅಷ್ಟೇ. ಸಮುದಾಯದ ದನಿ ಅಂತ ಕರೆದು ಸುದ್ದಿ ಹೇಳ್ಬೇಡಿ ಅನ್ನೋದು ನನ್ನ ಪ್ರಕಾರ ತಪ್ಪು ನೀತಿ, ಇದು ಬದಲಾಗ್ಲೇಬೇಕು. ಅಲ್ಲಿವರೆಗೂ ನೀರು ಯಾವಾಗ ಬಿಡ್ತಾರೆ, ಕರೆಂಟ್ ಎಷ್ಟೊತ್ತಿಗೆ ಹೋಗುತ್ತೆ, ಮಳೆ ಮುನ್ಸೂಚನೆ, ಪರೀಕ್ಷೆ, ಕೆಲಸದ ಮಾಹಿತಿ ಇಂಥವನ್ನ ಧಾರಾಳವಾಗಿ ಹೇಳಬಹುದು, ಜನಕ್ಕೆ ಬೇಕಾಗಿರೋದೂ ಇವೇ. ಟ್ರಾನ್ಸ್‌ಮಿಟರ್ 100 ವಾಟ್, ಅಂದ್ರೆ ಸುಮಾರು ಹತ್ತು ಹದಿನೈದು ಕಿಲೋಮೀಟರ್ ಸುತ್ತ ಕೇಳ್ಸುತ್ತೆ. ಅರ್ಜಿ ಹಾಕೋ ಸಂಸ್ಥೆ ರಿಜಿಸ್ಟರ್ ಆಗಿ ಕನಿಷ್ಠ ಮೂರು ವರ್ಷ ಆಗಿರ್ಬೇಕು.

ಮ್ಯಾಪ್ ಮೇಲೆ ಗುಂಡಿ, ಕಸ ಎಲ್ಲ ಗುರುತು ಮಾಡೋ ಪ್ರಾಜೆಕ್ಟ್‌ಗಳು ಉಪಯೋಗಕ್ಕೆ ಬರುತ್ವಾ?

ಕೆಲವು ಸಂದರ್ಭದಲ್ಲಿ ತುಂಬಾ. ಕೀನ್ಯಾದಲ್ಲಿ 2007ರ ಕೊನೆಗೆ ಎಲೆಕ್ಷನ್ ಆದ್ಮೇಲೆ ಗಲಭೆ ಶುರುವಾದಾಗ ಅಲ್ಲಿನ ಬ್ಲಾಗರ್‌ಗಳು, ಪ್ರೋಗ್ರಾಮರ್‌ಗಳು ಸೇರಿ ಕೆಲವೇ ದಿನದಲ್ಲಿ ಉಷಾಹಿದಿ ಅನ್ನೋ ಸೈಟ್ ಕಟ್ಟಿದ್ರು, ಎಲ್ಲೆಲ್ಲಿ ಹಿಂಸೆ ಆಗ್ತಿದೆ ಅಂತ ಜನ ಕಳಿಸಿದ್ದನ್ನ ಮ್ಯಾಪಲ್ಲಿ ಹಾಕ್ತಿದ್ರು. 2010ರ ಹೈಟಿ ಭೂಕಂಪದಲ್ಲೂ ಅದನ್ನೇ ಬಳಸಿದ್ರು. ಬ್ರಿಟನ್ನಿನ ಫಿಕ್ಸ್‌ಮೈಸ್ಟ್ರೀಟ್ 2007ರದ್ದು, ಗುಂಡಿ ಗುರುತು ಮಾಡಿದ್ರೆ ಅದು ಯಾವ ಕೌನ್ಸಿಲ್ ವ್ಯಾಪ್ತಿ ಅಂತ ತಾನೇ ಹುಡುಕಿ ದೂರು ಕಳಿಸುತ್ತೆ. ಅದರ ಜೀವಾಳ ಇರೋದು ಆ ಕಳಿಸೋದ್ರಲ್ಲಿ. ಬರೀ ಚುಕ್ಕಿ ಇಟ್ಟು ಯಾರಿಗೂ ಕಳಿಸ್ದೆ ಇದ್ರೆ ಎರಡು ತಿಂಗಳಲ್ಲಿ ಜನ ಬೇಸತ್ತು ಬಿಡ್ತಾರೆ. ನಮ್ಮಲ್ಲಿ ರಸ್ತೆ ಪಂಚಾಯ್ತಿದೋ, ಲೋಕೋಪಯೋಗಿ ಇಲಾಖೆದೋ, ಹೆದ್ದಾರಿ ಪ್ರಾಧಿಕಾರದ್ದೋ ಅನ್ನೋದೇ ಅರ್ಧ ಜಗಳ, ಅದನ್ನ ಹುಡುಕಿ ಪಟ್ಟಿ ಮಾಡಿಟ್ರೆ ಅದೇ ದೊಡ್ಡ ಸೇವೆ.

ಲಂಚದ ವಿಷಯ ಬಂದ್ರೆ ಹೆಸರು ಹಾಕ್ಬೇಕಾ?

ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ, ಲಂಚ ಕೊಟ್ಟೋರು ಅದನ್ನ ಬರೆದು ಹಾಕೋ 'ಐ ಪೇಡ್ ಎ ಬ್ರೈಬ್' ಸೈಟ್ ಶುರು ಮಾಡಿದಾಗ ವ್ಯಕ್ತಿಗಳ ಹೆಸರು ಬಿಟ್ಟು ಇಲಾಖೆ, ಕೆಲಸ, ಎಷ್ಟು ದುಡ್ಡು ಅನ್ನೋದನ್ನ ಸೇರಿಸ್ತಾ ಹೋದ್ರು. ಒಬ್ಬ ಕೆಟ್ಟವನನ್ನ ಹಿಡಿಯೋದಕ್ಕಿಂತ ಲಂಚ ಹುಟ್ಟೋ ಜಾಗ ಯಾವುದು ಅಂತ ತೋರಿಸೋ ಉದ್ದೇಶ. ಅದನ್ನ ನೋಡಿ ಆಗಿನ ರಾಜ್ಯ ಸಾರಿಗೆ ಆಯುಕ್ತರು ತಮ್ಮ ಇಲಾಖೆಯ ಅಧಿಕಾರಿಗಳಿಗೆ ಎಚ್ಚರಿಕೆ ಕೊಟ್ರು, ಲೈಸೆನ್ಸ್ ಅರ್ಜಿ ಆನ್‌ಲೈನ್ ಮಾಡೋದು, ಡ್ರೈವಿಂಗ್ ಟೆಸ್ಟ್‌ಗೆ ಸೆನ್ಸರ್ ಇರೋ ಟ್ರ್ಯಾಕ್ ಹಾಕೋದು ಇಂಥ ಬದಲಾವಣೆಗೆ ಅದು ಬಲ ಕೊಡ್ತು. ಸಣ್ಣ ಊರಲ್ಲಂತೂ ಇದೇ ದಾರಿ ಸರಿ ಅನ್ಸುತ್ತೆ, ದಾಖಲೆ ಕೈಯಲ್ಲಿಲ್ದೆ ಹೆಸರು ಹಾಕ್ಬೇಡಿ, ಮಾನನಷ್ಟ ಮೊಕದ್ದಮೆ ಸಿವಿಲ್ಲೂ ಆಗಬಹುದು, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ಲೂ ಆಗಬಹುದು.

ದಾಖಲೆ, ಡೇಟಾ ಎಲ್ಲಿ ಸಿಗುತ್ತೆ?

ಕರ್ನಾಟಕದಲ್ಲಿ ಮೊದಲು ನೋಡ್ಬೇಕಾದ್ದು 'ಮಾಹಿತಿ ಕಣಜ'. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರ ಯಾರೂ ಕೇಳ್ದೆನೇ ಮಾಹಿತಿ ಬಹಿರಂಗ ಮಾಡ್ಬೇಕು, ಆ ಆಶಯದಲ್ಲಿ ಕಟ್ಟಿದ ಸೈಟ್ ಇದು, ರಾಜಸ್ಥಾನದ ಜನ ಸೂಚನಾ ಪೋರ್ಟಲ್ ಇದಕ್ಕೆ ಮಾದರಿ. ನಿಮ್ಮ ಪಂಚಾಯ್ತಿ, ನಿಮ್ಮ ರೇಷನ್ ಅಂಗಡಿ ಮಟ್ಟದ ಮಾಹಿತಿ ಕನ್ನಡದಲ್ಲೇ ಸಿಗುತ್ತೆ. ಬೆಂಗಳೂರಿನವರಿಗೆ ಊರ್ವಾಣಿ ಫೌಂಡೇಶನ್‌ನ ಓಪನ್‌ಸಿಟಿ ಇದೆ, 2008ರಿಂದ ನಡೀತಿರೋ ಸಿಟಿಜನ್ ಮ್ಯಾಟರ್ಸ್ ಕೂಡ ಅದೇ ಬಳಗದ್ದು. ಎಲ್ಲೂ ಸಿಗ್ಲಿಲ್ಲ ಅಂದ್ರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು.

ಡೇಟಾ ಸಿಕ್ಕಿದ ತಕ್ಷಣ ಗ್ರಾಫ್ ಮಾಡಿ ಹಾಕಿದ್ರೆ ಊರಲ್ಲಿ ಯಾರೂ ನೋಡಲ್ಲ. ಕೂಲಿ ಕೆಲಸದ ಹಾಜರಿ ಪಟ್ಟಿಯಲ್ಲಿ (ಎನ್‌ಎಂಆರ್) ಯಾರ್ಯಾರ ಹೆಸರಿದೆ ಅಂತ ಗ್ರಾಮಸಭೆಯಲ್ಲಿ ಜೋರಾಗಿ ಓದಿ. "ನಾನು ಆ ಕೆಲಸಕ್ಕೆ ಹೋಗೇ ಇಲ್ವಲ್ಲ" ಅಂತ ಒಬ್ಬರು ಎದ್ದು ನಿಂತ್ರೆ ಅಲ್ಲಿಂದ ಸುದ್ದಿ ಶುರು. ಸಾಧ್ಯ ಆದ್ರೆ ಹಾಗೆ ಓದಿದ್ದನ್ನೇ ರೆಕಾರ್ಡ್ ಮಾಡಿ ಫೋನ್ ಲೈನಲ್ಲೂ ಹಾಕಿ, ಸಭೆಗೆ ಬರೋಕಾಗದೇ ಇದ್ದೋರೂ ಕೇಳ್ತಾರೆ.

ಒಬ್ಬರು ಹೇಳಿದ್ದು ನಿಜ ಅಂತ ಗೊತ್ತಾಗೋದು ಹೇಗೆ?

ಹೇಳಿದೋರಿಗೆ ವಾಪಸ್ ಫೋನ್ ಮಾಡಿ. ನೀವೇ ಕಣ್ಣಾರೆ ನೋಡಿದ್ರಾ, ಯಾರಾದ್ರೂ ಹೇಳಿದ್ದಾ ಅಂತ ಕೇಳಿ. ಅದೇ ಬೀದಿಯ ಇನ್ನೊಬ್ಬರನ್ನ, ಆದಷ್ಟೂ ಬೇರೆ ಜಾತಿ, ಬೇರೆ ಪಾರ್ಟಿಯವರನ್ನ ವಿಚಾರಿಸಿ. ಪಿಡಿಒ ಆಗ್ಲಿ ವಾಟರ್‌ಮ್ಯಾನ್ ಆಗ್ಲಿ, ಯಾರ ಮೇಲೆ ದೂರಿದೆಯೋ ಅವರ ಮಾತೂ ರೆಕಾರ್ಡ್ ಮಾಡಿ, ಬಿಲ್ ಪಾಸ್ ಆಗಿಲ್ಲ, ಮೋಟರ್ ಸುಟ್ಟಿದೆ ಅನ್ನೋ ನಿಜವಾದ ಕಾರಣ ಎಷ್ಟೋ ಸಲ ಅಲ್ಲೇ ಸಿಗುತ್ತೆ. ಫೋಟೋ ಬಂದ್ರೆ ಯಾವತ್ತಿನದು, ಎಲ್ಲಿದು ಅಂತ ಕೇಳ್ದೆ ಹಾಕ್ಬೇಡಿ. ಇದಕ್ಕೆ ಸಾಫ್ಟ್‌ವೇರ್ ಸಹಾಯ ಕಮ್ಮಿ, ಮನುಷ್ಯರ ಹೊತ್ತು ಬೇಕು.

ಸುದ್ದಿ ಕೊಟ್ಟೋರಿಗೆ ತೊಂದ್ರೆ ಆಗಲ್ವಾ?

ಆಗಬಹುದು, ಅದಕ್ಕೇ ಇದನ್ನ ಮೊದಲ ದಿನವೇ ಯೋಚಿಸ್ಬೇಕು. ಪುಟ್ಟ ಊರಲ್ಲಿ ದನಿ ಕೇಳಿದ್ರೆ ಸಾಕು ಯಾರದ್ದು ಅಂತ ಗೊತ್ತಾಗುತ್ತೆ, ಹೆಸರು ತೆಗೆದ್ರೂ ಪ್ರಯೋಜನ ಇಲ್ಲ. ಅಪಾಯ ಇರೋ ವಿಷಯ ಆದ್ರೆ ಬೇರೆಯವರ ದನಿಯಲ್ಲಿ ಓದ್ಸಿ. ನಂಬರ್‌ಗಳ ಪಟ್ಟಿ ಒಬ್ಬಿಬ್ಬರ ಹತ್ರ ಮಾತ್ರ ಇರ್ಲಿ, ಹಳೇದನ್ನ ಅಳಿಸ್ತಾ ಬನ್ನಿ. ಹೆಣ್ಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳ ವಿಷಯ ಬಂದ್ರೆ ಪ್ರಸಾರ ಆಮೇಲೆ, ಮೊದಲು ಅವರಿಗೆ ಸಹಾಯ ಸಿಗೋ ಕಡೆ ಸೇರಿಸಿ. ಪ್ರಸಾರ ಮಾಡೋಕೆ ಮುಂಚೆ ಇನ್ನೊಂದ್ಸಲ ಫೋನ್ ಮಾಡಿ "ಹಾಕ್ಲಾ?" ಅಂತ ಕೇಳಿ, ಬೇಡ ಅಂದ್ರೆ ಬೇಡ.

ಎಐ ಬಳಸಬಹುದಾ?

ರೆಕಾರ್ಡಿಂಗನ್ನ ಬರಹಕ್ಕಿಳಿಸೋಕೆ, ನೂರಾರು ಕಾಲ್‌ಗಳಲ್ಲಿ ನೀರಿನ ವಿಷಯ ಯಾವ್ಯಾವುದು ಅಂತ ಬೇರೆ ಮಾಡೋಕೆ ಬಳಸಿ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಸೇವೆ ಭಾಷಿಣಿ ಇದೆ, ಮದ್ರಾಸ್ ಐಐಟಿಯ ಎಐ4ಭಾರತ್ ಮಾಡಿರೋ ಮುಕ್ತ ಮಾಡೆಲ್‌ಗಳಿವೆ, ಕನ್ನಡಕ್ಕೂ ಕೆಲಸ ಮಾಡುತ್ವೆ. ಆದ್ರೆ ಕಲಬುರಗಿ ಮಾತು, ಕುಂದಾಪುರದ ಮಾತು ಬಂದಾಗ ತಪ್ಪು ಜಾಸ್ತಿ, ಹಾಗಾಗಿ ಮೂಲ ಆಡಿಯೋ ಕೇಳ್ದೆ ಏನನ್ನೂ ಪಬ್ಲಿಷ್ ಮಾಡ್ಬೇಡಿ. ಸುದ್ದೀನೇ ಎಐ ಕೈಲಿ ಬರೆಸೋದು ಬೇಡ, ಊರಿನವರು ಅವರ ಮಾತಲ್ಲಿ ಹೇಳೋದೇ ಇದರ ಬೆಲೆ.

ದುಡ್ಡು ಎಲ್ಲಿಂದ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅಮೆರಿಕದ ಎವ್ರಿಬ್ಲಾಕ್ ನೋಡಿ, ನಿಮ್ಮ ಬೀದಿಯಲ್ಲಿ ಏನೇನಾಯ್ತು ಅಂತ ಸರ್ಕಾರಿ ಡೇಟಾದಿಂದ ತೋರಿಸೋ ಸೈಟ್. 2007ರಲ್ಲಿ ನೈಟ್ ಚಾಲೆಂಜಿಂದ 11 ಲಕ್ಷ ಡಾಲರ್ ಸಿಕ್ತು, 2009ರಲ್ಲಿ ದೊಡ್ಡ ಮಾಧ್ಯಮ ಕಂಪನಿ ಕೊಂಡ್ಕೊಳ್ತು, 2013ರ ಫೆಬ್ರವರಿಯಲ್ಲಿ ಮುಂಚೆ ಹೇಳ್ದೆ ಕೇಳ್ದೆ ಮುಚ್ತು. ಮುಂದಿನ ವರ್ಷ ಮತ್ತೆ ತೆರೆದ್ರು, ಆದ್ರೆ ದಿನಾ ಅದನ್ನ ನಂಬಿದ್ದ ಜನರ ಕೈಯಲ್ಲಿ ಯಾವ ತೀರ್ಮಾನವೂ ಇರ್ಲಿಲ್ಲ.

ಅದಕ್ಕೇ ಒಂದೇ ಗ್ರಾಂಟ್ ನೆಚ್ಚಿಕೊಂಡು ಖರ್ಚು ದೊಡ್ಡದು ಮಾಡ್ಕೋಬೇಡಿ. ಕಮ್ಯುನಿಟಿ ರೇಡಿಯೋ ಆದ್ರೆ 2024ರಿಂದ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಫೋನ್ ಸೇವೆ ಆದ್ರೆ ನಿಮ್ಮ ದೊಡ್ಡ ಖರ್ಚು ಕಾಲ್ ನಿಮಿಷಗಳು ಮತ್ತೆ ಮಾಡರೇಟರ್ ಸಂಬಳ. ಎರಡನೇದನ್ನ ಮಾತ್ರ ಕಡಿಮೆ ಮಾಡ್ಬೇಡಿ. ಸಂಘಗಳು, ಹಾಲಿನ ಡೈರಿ, ಊರಿಂದ ಹೋಗಿ ಬೆಂಗಳೂರಲ್ಲೋ ದುಬೈಯಲ್ಲೋ ದುಡೀತಿರೋರು ತಿಂಗಳಿಗಿಷ್ಟು ಅಂತ ಕೊಟ್ರೆ ಒಳ್ಳೇದು, ಕೊಟ್ಟೋರ ಹೆಸರು, ಲೆಕ್ಕ ಎಲ್ಲರಿಗೂ ಕಾಣೋ ಹಾಗಿಡಿ. ರಾಜಕಾರಣಿಗಳ ದುಡ್ಡು ಬೇಡವೇ ಬೇಡ.

ವೆಬ್‌ಸೈಟ್ ಮಾಡಿದ್ರೆ ಕಾನೂನು ಏನು?

2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಟಿಸೋರು ದೂರು ಅಧಿಕಾರಿ ಒಬ್ಬರನ್ನ ನೇಮಿಸಿ, ಬಂದ ದೂರಿಗೆ 15 ದಿನದಲ್ಲಿ ಉತ್ತರ ಕೊಡ್ಬೇಕು ಅಂತಿದೆ. ಇವುಗಳಲ್ಲಿ ಕೆಲವು ಅಂಶಗಳಿಗೆ ಬಾಂಬೆ ಹೈಕೋರ್ಟ್ 2021ರಲ್ಲೇ ತಡೆ ಕೊಟ್ಟಿತ್ತು, ಹಾಗಾಗಿ ಶುರು ಮಾಡೋ ಮುಂಚೆ ವಕೀಲರನ್ನ ಒಮ್ಮೆ ಕೇಳಿ.

ಹೆಣ್ಮಕ್ಕಳು ಮಾಡಬಹುದಾ, ಓದು ಕಮ್ಮಿ ಇದ್ರೂ?

2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಶುರುವಾದ ಖಬರ್ ಲಹರಿಯಾ ಪೂರ್ತಿ ಹೆಣ್ಮಕ್ಕಳದ್ದೇ, ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯದವರು, ಬುಂದೇಲಿಯಲ್ಲಿ ಪೇಪರ್ ತಂದು ಆಮೇಲೆ ಮೊಬೈಲ್ ವಿಡಿಯೋಗೆ ಬಂದ್ರು. ಹಾಗಾಗಿ 'ಮಾಡಬಹುದಾ' ಅನ್ನೋದಕ್ಕೆ ಉತ್ತರ ಎಂದೋ ಸಿಕ್ಕಿದೆ. ನೀವು ಯೋಚಿಸ್ಬೇಕಾದ್ದು ಅವರಿಗೆ ಫೋನ್ ಯಾರು ಕೊಡಿಸ್ತಾರೆ, ಬಸ್ ಚಾರ್ಜ್ ಯಾರು ಕೊಡ್ತಾರೆ, ಸಂಜೆ ಮೀಟಿಂಗ್ ಇಟ್ರೆ ಬರೋಕಾಗುತ್ತಾ ಅನ್ನೋದನ್ನ.

ಸರಿ, ನಾಳೆಯಿಂದ ಶುರು ಮಾಡ್ಬೇಕು. ಮೊದಲು ಏನ್ ಮಾಡ್ಲಿ?

ಸರ್ವರ್ ಕೊಳ್ಬೇಡಿ, ಲೋಗೋ ಮಾಡಿಸ್ಬೇಡಿ. ಒಂದು ಸಿಮ್ ತಗೊಳಿ, ಆ ನಂಬರನ್ನ ಹಾಲಿನ ಡೈರಿ, ರೇಷನ್ ಅಂಗಡಿ, ಅಂಗನವಾಡಿ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಬರೆಸಿ. ದಿನಾ ಸಂಜೆ ಎರಡು ಗಂಟೆ ಒಬ್ಬರು ಫೋನ್ ಎತ್ತಿ ಕೇಳಿ, ಒಂದು ನೋಟ್‌ಬುಕ್ಕಲ್ಲಿ ಯಾರು, ಏನು, ಯಾವ ಆಫೀಸಿಗೆ ಸಂಬಂಧ ಅಂತ ಬರೀರಿ. ವಾರಕ್ಕೊಂದು ಐದು ನಿಮಿಷದ ಆಡಿಯೋ ಬುಲೆಟಿನ್ ಮಾಡಿ ವಾಟ್ಸಾಪಲ್ಲಿ ಬಿಡಿ, ಸಂಘದ ಮೀಟಿಂಗಲ್ಲಿ ಕೇಳಿಸಿ. ಹೋದ ವಾರ ಹೇಳಿದ್ದು ಏನಾಯ್ತು ಅಂತ ಪ್ರತಿ ಬುಲೆಟಿನ್ ಶುರುವಲ್ಲೇ ಹೇಳಿ, ಏನೂ ಆಗಿಲ್ಲ ಅಂದ್ರೂ ಅದನ್ನೇ ಹೇಳಿ. ಕಾಲ್‌ಗಳು ಒಬ್ಬರ ಕೈಲಿ ನಿಭಾಯಿಸೋಕಾಗಲ್ಲ ಅನ್ನೋ ಮಟ್ಟಕ್ಕೆ ಬಂದಾಗ ಐವಿಆರ್, ಅಂದ್ರೆ ಮೇಲೆ ಹೇಳಿದ 1 ಒತ್ತಿ 2 ಒತ್ತಿ ಅನ್ನೋ ಫೋನ್ ವ್ಯವಸ್ಥೆ ಹಾಕ್ಸಿ, ಅಷ್ಟೊತ್ತಿಗೆ ಮೆನುವಿನಲ್ಲಿ ಯಾವ ಆಯ್ಕೆ ಇರ್ಬೇಕು ಅಂತ ಆ ನೋಟ್‌ಬುಕ್ಕೇ ಹೇಳುತ್ತೆ.